ಸೆಟ್ಟೂರಿನ ಕೆಂಪು ಗುರುತು

ಹಿಂದೂಪುರದಲ್ಲಿ ಹುಣಸೆಹಣ್ಣಿನ ಸುಗ್ಗಿ. ಬೆಳಗಿನಿಂದಲೇ ಮಾರ್ಕೆಟ್ ಯಾರ್ಡಿನ ಮುಂದೆ ಟ್ರ್ಯಾಕ್ಟರುಗಳು ನಿಂತಿದ್ದವು. ಗೋಡೆಯ ನೆರಳಿಗೆ ಕೂತ ಹೆಂಗಸರು ಹಣ್ಣು ಬಡಿದು ಬೀಜ ಬಿಡಿಸುತ್ತಿದ್ದರು. ಆ ಹುಳಿವಾಸನೆ ಎದುರಿನ ಮಹಡಿಯ ಇಂಟರ್ನೆಟ್ ಕಂಪನಿಯ ಆಫೀಸಿನವರೆಗೂ ಬರುತ್ತಿತ್ತು.

ಬನಶ್ರೀ ಪರದೆಯ ಮುಂದೆ ಕೂತಿದ್ದಳು. ಕಣ್ಣು ಉರಿಯುತ್ತಿತ್ತು. ಸೆಟ್ಟೂರು ಲೈನು ಮತ್ತೆ ಕೆಂಪಗಿತ್ತು, ಅಂದರೆ ಅಲ್ಲಿ ನೆಟ್ ಇಲ್ಲ.

ಧಡ್ ಎಂದು ಬಾಗಿಲು ತೆರೆಯಿತು. ಧೂಳು ಮೆತ್ತಿದ ಹೆಲ್ಮೆಟ್ ಒಂದು ಅವಳ ಮೇಜಿನ ಮೇಲೆ ಬಿತ್ತು.

"ಬನಶ್ರೀ ಅಂದ್ರೆ ನೀವೇನಾ?"

ಅವಳು ತಲೆ ಎತ್ತಿದಳು. ಆ ಮುಖವನ್ನು ಎಂದೂ ನೋಡಿರಲಿಲ್ಲ. ಆದರೆ ದನಿ...! ಆ ದನಿಯನ್ನು ಅವಳು ನಿದ್ದೆಯಲ್ಲೂ ಗುರುತಿಸುತ್ತಿದ್ದಳು.

ರಾಮಾಂಜಿ! ಕಲ್ಯಾಣದುರ್ಗದ ಲೈನ್‌ಮ್ಯಾನ್. ಒಂದು ವರ್ಷದಿಂದ ಬರೀ ಫೋನಿನಲ್ಲಿ ಕೇಳಿದ ಮನುಷ್ಯ.

"ವಾಟ್ಸಾಪ್ ಗ್ರೂಪಲ್ಲಿ ಎಲ್ಲರ ಮುಂದೆ ಹಾಕಿದ್ರಲ್ಲ... ರಾಮಾಂಜಿ ಸೆಟ್ಟೂರಿಗೆ ಹೋಗದೇನೇ ಹೋಗಿದ್ದೆ ಅಂತ ಸುಳ್ಳು ಹೇಳ್ತಾನೆ ಅಂತ. ಅದನ್ನ ಮುಖ ನೋಡ್ಕಂಡು ಹೇಳಿ. ಕೇಳಿಸ್ಕಂಡು ಹೋಯ್ತೀನಿ."

ಬನಶ್ರೀ ಕುರ್ಚಿ ತಿರುಗಿಸಿದಳು. ಪರದೆಯ ಕಡೆ ಕೈ ತೋರಿಸಿದಳು.

"ನೋಡಿ, ಈಗಲೂ ಕೆಂಪು. ನೀವು ಹೋದೆ, ಎಲ್ಲಾ ಸರಿ ಐತೆ ಅಂತೀರಿ. ಇಲ್ಲಿ ಅವತ್ತೆಲ್ಲ ಕೆಂಪಿದ್ದು ಮಾರನೇ ದಿನ ಹಸಿರಾಗುತ್ತೆ. ನಾನೇನಂತ ತಿಳ್ಕೊಳ್ಳಲಿ?"

"ಬಿಸ್ಲಲ್ಲಿ ಗಾಡಿ ಓಡಿಸ್ಕಂಡು ಹೋಗಿ ನೋಡ್ತೀನಿ. ಅಲ್ಲಿ ಮನೆ ಮನೇಲೂ ನೆಟ್ ಬತ್ತಾ ಇರ್ತದೆ! ನಾನೇನು ನೆಟ್ಟಗಿರೋ ವೈರು ಕಿತ್ತು ಜೋಡಿಸ್ಲಾ?"

"ಮೆಷೀನು ಯಾಕೆ ಸುಳ್ಳು ಹೇಳುತ್ತೆ?"

ಅವನು ಪರದೆಯಿಂದ ಅವಳ ಕಡೆ ತಿರುಗಿದ. ಸಿಟ್ಟು ಇಳಿದು ಹೋಗಿತ್ತು. ಬಹಳ ದೂರ ನಡೆದು ಬಂದವನ ಹಾಗೆ ಕಂಡ.

"ಹಂಗಾದ್ರೆ ನಾನು ಯಾಕೆ ಹೇಳ್ತೀನಿ ಮೇಡಮ್?"

ಹೆಲ್ಮೆಟ್ ತೆಗೆದುಕೊಂಡು ಮಾಲೀಕ ಓಬುಳಪತಿಯ ರೂಮಿಗೆ ಹೋದ. ಟವರ್ ರೂಮಿನ ಬೀಗದ ಕೈ ಮೇಜಿನ ಮೇಲೆ ಇಟ್ಟ ಸದ್ದು ಇಲ್ಲಿಗೂ ಕೇಳಿಸಿತು. ಮೆಟ್ಟಿಲಿಳಿದು ಹೋದವನು ತಿರುಗಿ ನೋಡಲಿಲ್ಲ.

*ಹೋದ... ಕೆಲಸ ಬಿಟ್ಟೇ ಹೋದ!*



ಕಂಪನಿಯ ಲೈನುಗಳನ್ನು ಕಾಯುವ ಸಾಫ್ಟ್‌ವೇರ್‌ಗೆ ಊರೂರಿಗೆ ನೆಟ್ ಹಂಚುವ ಅವರ ಅಗ್ಗದ ಪೆಟ್ಟಿಗೆಗಳ ಗುರುತೇ ಇರಲಿಲ್ಲ. ಹಾಗಾಗಿ ಪ್ರತಿ ಪೆಟ್ಟಿಗೆಗೂ ಬನಶ್ರೀಯೇ ಒಂದೊಂದು ಪ್ಲಗಿನ್ ಬರೆದಿದ್ದಳು. ಎಸ್‌ಎನ್‌ಎಂಪಿ ಅನ್ನುವ ಪದ್ಧತಿಯಲ್ಲಿ ದೂರದ ಪೆಟ್ಟಿಗೆಯನ್ನು ಆಗಾಗ ಪ್ರಶ್ನೆ ಕೇಳುವ ಪುಟ್ಟ ಪ್ರೋಗ್ರಾಂ ಅದು. 'ವೈರು ಸಿಕ್ಕಿಸಿದ ಈ ಪೋರ್ಟ್ ಬದುಕಿದೆಯಾ?' ಎಂದು ಕೇಳಬೇಕು. ಉತ್ತರ ಸರಿ ಬಂದರೆ ಹಸಿರು, ಇಲ್ಲದಿದ್ದರೆ ಕೆಂಪು.

ಸೆಟ್ಟೂರಿನ ಪೆಟ್ಟಿಗೆ ತೀರಾ ಹಳೆಯದು, ಉತ್ತರ ಕೊಡಲು ಅದಕ್ಕೆ ಬರುವುದಿಲ್ಲ. ಆದ್ದರಿಂದ ಕಲ್ಯಾಣದುರ್ಗದ ಪೆಟ್ಟಿಗೆಯಲ್ಲಿ ಸೆಟ್ಟೂರಿನ ಕಡೆ ಹೋಗುವ ಪೋರ್ಟನ್ನು ಮಾತ್ರ ಅವಳು ಕೇಳುತ್ತಿದ್ದಳು. ಏಳನೇ ಪೋರ್ಟ್.

*ನಾನು ಯಾಕೆ ಹೇಳ್ತೀನಿ ಮೇಡಮ್...*

ಆ ಮಾತು ಕಿವಿ ಬಿಟ್ಟು ಹೋಗಲಿಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಸುಮ್ಮನೆ ಕೂರಲಾರದೆ ಅವಳು ಕಲ್ಯಾಣದುರ್ಗದ ಪೆಟ್ಟಿಗೆಯನ್ನು ಬೇರೆ ರೀತಿ ಕೇಳಿದಳು. 'ನಿನ್ನ ಎಲ್ಲಾ ಪೋರ್ಟುಗಳನ್ನೂ ಹೆಸರು ಸಮೇತ ಹೇಳು.'

ಸಾಲುಗಳು ಒಂದೊಂದಾಗಿ ಇಳಿದವು.

ಏಳನೆಯದು... ಖಾಲಿ! ಅದರಲ್ಲಿ ವೈರೇ ಇರಲಿಲ್ಲ.

ಸೆಟ್ಟೂರು ಒಂಬತ್ತರಲ್ಲಿತ್ತು. ಬದುಕಿತ್ತು. ತುಂಬು ಹೊಳೆಯಂತೆ ಹರಿಯುತ್ತಿತ್ತು!

ಬನಶ್ರೀ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕರೆಂಟು ಹೋಗಿ ಬಂದಾಗಲೆಲ್ಲ ಆ ಪೆಟ್ಟಿಗೆ ಹೊಸದಾಗಿ ಎಚ್ಚರಾಗುತ್ತಿತ್ತು, ತನ್ನ ಪೋರ್ಟುಗಳಿಗೆ ಮನಸ್ಸು ಬಂದಂತೆ ನಂಬರು ಹಂಚುತ್ತಿತ್ತು. ಇನ್ನೊಂದು ಸಲ ಕರೆಂಟು ಹೋಗಿ ಬಂದರೆ ಹಳೇ ನಂಬರು ಹೊಂದಿಕೊಂಡು ಹಸಿರಾಗುತ್ತಿತ್ತು. ಅವಳ ಪ್ಲಗಿನ್ ಹೆಸರು ಕೇಳುತ್ತಲೇ ಇರಲಿಲ್ಲ, ಬರೀ ನಂಬರು ನೋಡುತ್ತಿತ್ತು.

ಅವನು ಪ್ರತಿ ಸಲವೂ ನಿಜವನ್ನೇ ಹೇಳಿದ್ದ.

*ಬಿಸಿಲಲ್ಲಿ ಅಷ್ಟು ಸಲ... ಸುಮ್ಮನೆ... ನನ್ನಿಂದ!*

ಪ್ಲಗಿನ್ ತಿದ್ದಿದಳು. ಈಗ ಅದು ಮೊದಲು ಹೆಸರು ಹುಡುಕುತ್ತದೆ, ಆಮೇಲೆ ಕ್ಷೇಮ ಕೇಳುತ್ತದೆ. ಸೆಟ್ಟೂರು ಹಸಿರಾಯಿತು. ಅವಳಿಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಓಬುಳಪತಿ ಎಲ್ಲಾ ಕೇಳಿಸಿಕೊಂಡು ಕನ್ನಡಕ ತೆಗೆದರು.

"ಏಮಮ್ಮಾ, ಈಗ ಬಂದು ಹಿಂಗಂತೀಯಲ್ಲ? ಅವನ ಜಾಗಕ್ಕೆ ನಾಡಿದ್ದಿನಿಂದ ಬೇರೆಯವನು ಬತ್ತಾನೆ."

"ಬೇಡ ಸಾರ್. ತೆಗೀಬೇಕು ಅಂದ್ರೆ ನನ್ನ ತೆಗೀರಿ."

"ನಿನ್ನ ತೆಗೆದ್ರೆ ಈ ಪ್ಲಗಿನ್ನು ಗಿಗಿನ್ನು ಯಾರು ಬರೀತಾರೆ? ನಾನಾ?" ಅವರು ಬೀಗದ ಕೈ ಮುಂದಕ್ಕೆ ತಳ್ಳಿದರು. "ನಾನಂತೂ ಕರೆಯಲ್ಲ ಕಣಮ್ಮ. ರೋಷದ ಮನುಷ್ಯ ಅವನು. ತಪ್ಪು ನಿಂದು, ನೀನೇ ಹೋಗಿ ಕರಿ. ನಾಳೆ ಸಂಜೆಯೊಳಗೆ ಬರಲಿಲ್ಲ ಅಂದ್ರೆ ಅವನ ಕಥೆ ಮುಗೀತು. ಸರೇನಾ?"

ಮಾರನೇ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಅವಳು ಕಂಪನಿಯ ಗ್ರೂಪಿನಲ್ಲಿ ಬರೆದಳು: 'ಸೆಟ್ಟೂರು ಲೈನಿನ ವಿಷಯದಲ್ಲಿ ರಾಮಾಂಜಿ ಹೇಳಿದ್ದೇ ನಿಜ. ನನ್ನ ಪ್ಲಗಿನ್ ತಪ್ಪು ಪೋರ್ಟ್ ನೋಡುತ್ತಿತ್ತು. ಅವರನ್ನು ಸುಳ್ಳ ಅಂದಿದ್ದಕ್ಕೆ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ.'

ಯಾರ ಮುಂದೆ ಕಳೆದಿದ್ದಳೋ ಅವರ ಮುಂದೆಯೇ ಅವನ ಮಾನ ಹಿಂತಿರುಗಿಸಿದಳು. ಆದರೂ ಋಣ ತೀರಿತು ಅನ್ನಿಸಲಿಲ್ಲ.

ಪೆನುಕೊಂಡದಲ್ಲಿ ಇಳಿದು ಬೇರೆ ಬಸ್ಸು ಹಿಡಿದಳು. ಕಿಟಕಿಯ ಕಂಬಿ ಕಾದಿತ್ತು. ಬೋಳು ಗುಡ್ಡಗಳು, ಕುರಿ ಮಂದೆಗಳು, ಮತ್ತೆ ಗುಡ್ಡಗಳು. *ಈ ಬಿಸಿಲಲ್ಲೇನಾ ಅವನು ಓಡಾಡಿದ್ದು?*

ಕಲ್ಯಾಣದುರ್ಗದ ಅಂಚಿನ ಮನೆಯ ಮುಂದೆ ಅವನ ತಾಯಿ ನರಸಕ್ಕ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದಳು. ಜಗಲಿಯ ಮೇಲೆ ರಾಮಾಂಜಿ ಮುಖಕ್ಕೆ ಟವಲ್ ಹಾಕಿಕೊಂಡು ಮಲಗಿದ್ದ.

"ಯಾರಮ್ಮ?"

"ಹಿಂದೂಪುರದಿಂದ... ಆಫೀಸಿಂದ..."

ನರಸಕ್ಕನ ಕೈ ನಿಂತಿತು. ಕಣ್ಣಲ್ಲಿ ನಗೆ ಮೂಡಿತು.

"ಓ, ಫೋನಿನ ಹುಡುಗೀನಾ! ದಾ ತಲ್ಲೀ, ಬಾ ಕೂತ್ಕ. ಲೇ ಅಂಜೀ, ಏಳ್ಲಾ! ಯಾರ್ ಬಂದವ್ರೆ ನೋಡು!" ಅನ್ನುತ್ತಾ ಮೊರ ಎತ್ತಿಕೊಂಡು ಒಳಗೆ ಹೋದಳು.

ಅವನು ಎದ್ದು ಕೂತ. ಟವಲ್ ಹೆಗಲಿಗೆ ಹಾಕಿಕೊಂಡ. ಬನಶ್ರೀ ಬೀಗದ ಕೈಯನ್ನು ಅವನ ಪಕ್ಕದಲ್ಲಿಟ್ಟಳು.

"ಗ್ರೂಪಲ್ಲಿ ಬರ್ದಿದ್ದೀನಿ..."

"ನೋಡ್ದೆ."

"ಇವತ್ತು ಸಂಜೆಯೊಳಗೆ ಬರ್ಬೇಕಂತೆ ನೀವು."

"ಸಾಕಾಗೈತೆ ಮೇಡಮ್. ಬರಲ್ಲ."

ಅವಳ ಕಣ್ಣು ತುಂಬಿತು. "ಸುಸ್ತು ನನಗೂ ಆಗೈತೆ ರಾಮಾಂಜಿ. ಕೆಂಪು ನೋಡಿ ನೋಡಿ... ನಿಮ್ಮನ್ನ ನಂಬಬೇಕು ಅಂತ ಮನಸ್ಸು ಹೇಳ್ತಿತ್ತು. ನಿಮ್ಮ ದನಿ ಇಷ್ಟ ಆಗಿದ್ದಕ್ಕೆ ನಂಬ್ತಾ ಇದ್ದೀನೇನೋ ಅಂತ ನನ್ನ ಮೇಲೇ ಅನುಮಾನ. ಅದಕ್ಕೇ ಅಷ್ಟು ಕಠಿಣವಾಗಿ ಬರೆದುಬಿಟ್ಟೆ."

ರಾಮಾಂಜಿ ಹೆಗಲಿನ ಟವಲ್ ತೆಗೆದು ಮಡಿಸಿಟ್ಟ.

"ನಂಗೆ ಆಗ್ಲೇ ಗೊತ್ತಾಗ್ಬುಟ್ಟಿತ್ತು," ಅಂದ ಮೆಲ್ಲಗೆ. "ಎರಡು ಮೂರು ಸಲ ಹೋಗಿ ಬಂದ್ಮೇಲೆ... ಸೆಟ್ಟೂರಲ್ಲಿ ಏನೂ ಆಗಿರಲ್ಲ ಅಂತ."

"ಮತ್ತೆ ಯಾಕೆ ಹೋಗ್ತಿದ್ರಿ?!"

"ಹೋಗಿಲ್ಲ ಅಂದ್ರೆ, ತಲುಪಿದ್ರಾ, ನೀರು ಕುಡಿದ್ರಾ ಅಂತ ನೀವು ಫೋನ್ ಮಾಡ್ತಿರ್ಲಿಲ್ಲ."

ಅವನು ಜಗಲಿಯ ಮೇಲಿದ್ದ ಕಡ್ಲೆಕಾಯಿ ಸಿಪ್ಪೆಯೊಂದನ್ನು ಅಂಗಳಕ್ಕೆ ಎಸೆದ.

"ಅದಕ್ಕೇ ಆ ಮಾತು ಅಷ್ಟು ಚುಚ್ತು ಕಣೇ. ಬೇರೆ ಯಾರಾದ್ರೂ ಸುಳ್ಳ ಅಂದಿದ್ರೆ ನಕ್ಕೊಂಡು ಹೋಗ್ತಿದ್ದೆ."

ಮೇಡಮ್ ಹೋಗಿ 'ಕಣೇ' ಬಂದದ್ದು ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಕೆನ್ನೆ ಒರೆಸಿಕೊಂಡು ಜಗಲಿಯ ತುದಿಯಲ್ಲಿ ಕೂತಳು. ಬಸ್ಸಿನ ದಣಿವೆಲ್ಲ ಆಗ ಕಾಲಿಗಿಳಿಯಿತು.

ಅವನ ಕೈ ಬೀಗದ ಕೈಯ ಮೇಲೆ ಹೋಗಿ ನಿಂತಿತು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡ.

"ಇನ್ಮೇಲೆ ಅಲಾರಂ ಬರಲ್ಲ," ಅಂದಳು ಅವಳು. "ಎಲ್ಲಾ ಸರಿ ಮಾಡಿದೀನಿ. ಏನು ನೆಪ ಹೇಳಿ ಫೋನ್ ಮಾಡ್ಲಿ?"

"ನೆಪ ಯಾಕೆ? ಸುಮ್ನೆ ಮಾಡು."

"ಮಾಡಿ ಏನಂತ ಕೇಳ್ಲಿ?"

"ಉಂಡ್ಯಾ ಅಂತ ಕೇಳು."

ಅವಳು ಅವನ ಕಡೆ ತಿರುಗಿದಳು.

"ಉಂಡ್ಯಾ?"

"ಇಲ್ಲ ಕಣೇ. ನಿನ್ನೆಯಿಂದ ಸೇರ್ತಿಲ್ಲ. ನೀನು?"

"ನಾನೂ ಇಲ್ಲ."

ರಾಮಾಂಜಿ ಎದ್ದು ಒಳಗಡೆ ಕೂಗಿದ.

"ಅಮ್ಮಾ, ಇಬ್ಬರಿಗೂ ಇಕ್ಕಮ್ಮ!"