ಮುಚ್ಚದೆ ಬಿಟ್ಟ ಕಾರ್ಡ್

ಆ ದಿನವೂ ಕಾರ್ಡ್ ತೆರೆಯಲಿಲ್ಲ. ಪರದೆಯ ಮೇಲೆ ಅದೇ ಹಾಳು ಸಾಲು: ‘ಬೇರೊಬ್ಬರು ಬರೆಯುತ್ತಿದ್ದಾರೆ, ಕಾಯಿರಿ.’

ಆಗ ಇಡೀ ಸಂಶೋಧನಾಲಯಕ್ಕೆ ಒಂದೇ ಕಂಪ್ಯೂಟರ್. ಕೋಣೆಕೋಣೆಗೂ ಅದರದೊಂದು ಪರದೆ. ಯಾವುದೋ ಜ್ವರದ ಮೂಲ ಹುಡುಕುವವರೆಲ್ಲ ತಮಗೆ ತಿಳಿದದ್ದನ್ನು ಅದರೊಳಗೆ ಕಾರ್ಡ್ ಎನ್ನುವ ಪುಟಗಳಲ್ಲಿ ಬರೆಯುತ್ತಿದ್ದರು. ಒಬ್ಬರ ಮಾತಿನಿಂದ ಇನ್ನೊಬ್ಬರ ಮಾತಿಗೆ ಲಿಂಕ್ ಹಾಕುವುದು ನನ್ನ ಕೆಲಸ. ಬರೆಯಲು ತೆರೆದವರು ಮುಚ್ಚುವವರೆಗೆ ಆ ಕಾರ್ಡನ್ನು ಬೇರೆಯವರು ಮುಟ್ಟುವಂತಿಲ್ಲ. ಮುಚ್ಚದೆ ಬಿಡುವ ಆಸಾಮಿ ಒಬ್ಬನೇ, ಮೇಲಿನ ಮಹಡಿಯ ಅಂಕಿಅಂಶದವನು.

ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಎಲ್ಲರಿಗೂ ನಾನು ಗುಡುಗಕ್ಕ. ಅವನೊಬ್ಬ ಮಾತ್ರ ಅಕ್ಕ ಎನ್ನುತ್ತಿರಲಿಲ್ಲ.

“ಬನ್ನಿ ಮೇಡಂ, ಇವತ್ತು ಲೇಟು!”

“ಹಲ್ಲು ಕಿರೀಬೇಡಿ. ಕಾರ್ಡ್ ಮುಚ್ಚಿ.”

“ಕೂತ್ಕೊಳ್ಳಿ. ಕೂತ್ಕೊಂಡೇ ಬೈಯಿರಿ.”

ಅವನ ಕಣ್ಣು ನನ್ನ ಮುಖದಿಂದ ಜಾರಿ, ಕಿವಿಯ ಪಕ್ಕದ ನರೆಗೂದಲಿಗೆ ತಾಗಿ, ಸಿಕ್ಕಿಬಿದ್ದಂತೆ ಕಿಟಕಿಗೆ ಓಡಿತು. ಬೇರೆ ದಿನವಾಗಿದ್ದರೆ ನನಗೂ ನಗು ಬರುತ್ತಿತ್ತೇನೋ.

“ಕೆಲಸ ಮುಗಿಸಲ್ಲ ಅಂತ ಹೆಡ್ಡು ನಾಳೆಯಿಂದ ನನ್ನ ಬಿಡಿಸ್ತಿದ್ದಾರೆ. ನಿಮ್ಮ ಹೆಸರು ಹೇಳಿದ್ರೆ ನೆಪ ಅಂತಾರೆ. ಇಷ್ಟು ಮರೆವು ಇಟ್ಕೊಂಡು ಲೆಕ್ಕ ಹೇಗ್ರೀ ಮಾಡ್ತೀರಿ?”

ಅವನ ಮುಖ ಬಿಳುಚಿತು. “ಮರೆವಲ್ಲ.”

“ಮತ್ತೆ?”

“ಮುಚ್ಚಿಬಿಟ್ರೆ ನೀವು ಮೇಲಕ್ಕೆ ಬರಲ್ಲ.”

ಕೈಗೆ ಸಿಕ್ಕ ಡಸ್ಟರ್ ಬೀಸಿ ಎಸೆದೆ. ಗೋಡೆಗೆ ಬಡಿಯಿತು. “ಈ ವಯಸ್ಸಲ್ಲಿ ಹುಡುಗಾಟವೇನ್ರೀ! ಬಾಯಿಲ್ವಾ ನಿಮಗೆ?”

“ನಿಮ್ಮೆದುರು ಇಲ್ಲ.”

ಕುರ್ಚಿಯಲ್ಲಿ ಕುಸಿದೆ. ಅಳುವುದಕ್ಕೂ ತ್ರಾಣವಿರಲಿಲ್ಲ. ಅವನು ಕಾರ್ಡ್ ಮುಚ್ಚಿ, ಸೀದಾ ಪಕ್ಕದ ಹೆಡ್ಡಿನ ಕೋಣೆಗೆ ನುಗ್ಗಿದ.

“ಸಾರ್, ತಪ್ಪು ನಂದು. ಅವರನ್ನ ನೋಡ್ಬೇಕು ಅಂತ ನಾನೇ ಕಾರ್ಡ್ ಹಿಡಿದಿಟ್ಕೊಳ್ತಿದ್ದೆ. ಬಿಡಿಸೋದಾದ್ರೆ ನನ್ನ ಬಿಡಿಸಿ.”

“ಯಾರನ್ನ? ಗುಡುಗಕ್ಕನ್ನಾ?”

ಇಡೀ ಮಹಡಿ ಗೊಳ್ಳೆಂದಿತು. ಅವನು ಕಿವಿ ಕೆಂಪಗೆ ಮಾಡಿಕೊಂಡು ಮರಳಿದ.

“ನಿಮ್ಮ ಕೆಲಸ ಉಳೀತು. ನನ್ನ ಮಾನ ಹೋಯ್ತು.”

“ಹೋಗ್ಲಿ ಬಿಡಿ. ಅದನ್ನಿಟ್ಕೊಂಡು ಏನ್ ಮಾಡ್ತಿದ್ರಿ?”

ಅವನು ಬಿದ್ದಿದ್ದ ಡಸ್ಟರ್ ಎತ್ತಿಟ್ಟ. “ಮನೆಗೆ ಬಂದು ಹೆಣ್ಣು ಕೇಳ್ಲಾ?”

“ಯಾರನ್ನ ಕೇಳ್ತೀರಿ? ಅಲ್ಲಿರೋದು ನಾನೊಬ್ಬಳೇ.”

“ಹಾಗಾದ್ರೆ... ಇಲ್ಲೇ?”

“ಬೇಗ ಕೇಳಿ. ಸುಸ್ತಾಗಿದೆ.”

ಕೇಳಿದ. ಹೂಂ ಅಂದೆ. ನಾನು ಏಳಲೆಂದು ಕೈ ಚಾಚಿದ, ಹಿಡಿದುಕೊಂಡೆ.