ಉತ್ತಮನ ಜೀನ್ಸು, ಸುಮನಳ ಅಂಗಿ

ಹುಮನಾಬಾದ್ ಹತ್ತಿರದ ಹುಡಗಿ ಎಂಬ ಗ್ರಾಮದ ಉತ್ತಮ ಮೊದಲ ಸಲ ಜೀನ್ಸ್ ತೊಟ್ಟ ದಿನ ಬಸವಕಲ್ಯಾಣದ ಕೋಟೆಯ ತೋಪುಗಳು ತಾವಾಗಿಯೇ ಹಾರಿದವು. ಆ ಸದ್ದಿಗೆ ಹೈದರಾಬಾದಿನಲ್ಲಿ ಚಹಾದ ಕಪ್ಪುಗಳು ನಡುಗಿದವಂತೆ. ನಂಬದವರು ಹೋಗಿ ತೋಪನ್ನೇ ಕೇಳಲಿ.

ಎಂಬತ್ತಮೂರರ ಮಾತು. ಉತ್ತಮನ ಕುಡಗೋಲು ಜೋಳದ ಹೊಲಕ್ಕಿಳಿದರೆ ಗಾಳಿ ಸಹ ಬದುವಿಗೆ ಸರಿದು ದಾರಿ ಬಿಡುತ್ತಿತ್ತು. ಅಂಥವನ ನಿದ್ದೆಗೆಡಿಸಿದ್ದು ಒಂದೇ ಸುದ್ದಿ: ಅವನ ಜೊತೆ ಕೂಲಿಗೆ ಬರುವ ಸುಮನಳನ್ನು ನೋಡಲು ಬಸವಕಲ್ಯಾಣದಿಂದ ಒಬ್ಬ ವರ ಬಂದಿದ್ದನಂತೆ. ಅದೂ ಜೀನ್ಸ್ ತೊಟ್ಟು!

ಸುಮನ ಕೈತಪ್ಪಬಾರದು, ಇವತ್ತೇ ಜೀನ್ಸ್ ಆಗಬೇಕು ಎಂದು ಹಠ ಹಿಡಿದ ಉತ್ತಮ, ಹುಮನಾಬಾದಿನ ಶಂಶುದ್ದೀನ್ ಸಾಬರ ಅಂಗಡಿಯಲ್ಲಿ ಧೋತರ ಬಿಚ್ಚಿಟ್ಟು, ಇದ್ದುದರಲ್ಲೇ ಬಿಗಿಯಾದ ನೀಲಿ ಪ್ಯಾಂಟಿನೊಳಗೆ ಹೊಕ್ಕ. ಪರದೆ ಸರಿಸಿದರೆ, ಸಂತೆಗೆ ಬಂದ ಸುಮನ ಎದುರಿಗೇ ನಿಂತಿದ್ದಾಳೆ.

“ಬೊಂಬಾಯಿಗಿ ಹೊಂಟೀಯೇನು?” ಅವಳ ಕಣ್ಣಲ್ಲಿ ಕಿಡಿ. “ನಮ್ಮ ಕಡಿ ಪ್ಯಾಂಟ್ ಹಾಕ್ಕೊಂಡವ್ರು ಯಾರೂ ತಿರುಗಿ ಹೊಲಕ್ಕ ಬಂದಿಲ್ಲ.”

“ಬೊಂಬಾಯಿ ಯಾರಿಗಿ ಬೇಕು? ನಿನ್ನ ನೋಡಾಕ ಬಂದವ ಇದನ್ನೇ ಹಾಕ್ಕೊಂಡಿದ್ನಂತ. ನಾ ಅವನಕಿಂತ ಏನ್ ಕಮ್ಮಿ?”

ಕಿಡಿ ಆರಿತು. ತುಟಿಯ ತುದಿಯಲ್ಲಿ ಇಣುಕಿದ ನಗು ಸೆರಗಿನ ಹಿಂದೆ ಅಡಗಿತು.

“ಹಂಗಾರ ಕುಂದ್ರು.”

“ಆಂ?”

“ಜ್ವಾಳ ಕೊಯ್ಯಾಕ ಕುಂದರ್ತೀಯಲ್ಲ, ಹಂಗ. ಅವನಿಗೂ ಇದೇ ಹೇಳಿದ್ದೆ. ಇಸ್ತ್ರಿ ಮುರೀತದ ಅಂದ. ಬಾಗಲಾ ತೋರಿಸಿದೆ.”

ಉತ್ತಮ ಹುಲಿಯಂತೆ ಕುಳಿತ. ಹುಲಿಯಂತೆಯೇ ಎದ್ದ.

ಸುಮನ ಮಾತ್ರ ಬಟ್ಟೆಯ ರಾಶಿಯನ್ನು ಕೆದಕಿ ಹಳೇ ನಮೂನೆಯ ಜೀನ್ಸೊಂದನ್ನು ಎಳೆದಳು: ತೊಡೆ ಸಡಿಲ, ಹೊಲಿಗೆ ಎರಡೆರಡು. ಎರಡೂ ಕೈಯಲ್ಲಿ ಜಗ್ಗಿ ನೋಡಿ ಅವನ ಹೆಗಲಿಗೆಸೆದಳು.

“ಇದು ತಗೋ. ನಾಳಿ ಇದರಾಗ ಹೊಲಕ್ಕ ಬಾ. ಮತ್ತ... ಮೈಮ್ಯಾಗಿನ ಅಂಗಿ ನನಗ ಕೊಡು.”

ಉತ್ತಮ ಮೈಮೇಲಿನ ಅಂಗಿಯನ್ನು ಬಗ್ಗಿ ನೋಡಿಕೊಂಡ. ಜೋಳದ ಎಲೆ ಕೈ ಗೀರಬಾರದೆಂದು ಕೊಯ್ಲಿನ ಹೆಂಗಸರು ಸೀರೆಯ ಮೇಲೆ ತಮ್ಮ ಮನೆಯ ಗಂಡಸಿನ ಹಳೇ ಅಂಗಿ ತೊಡುತ್ತಾರೆ. ಸುಮನ ತೊಡುತ್ತಿದ್ದುದು ತೀರಿಹೋದ ಅಪ್ಪನದು. ಅದರ ತೋಳು ಜಾಳಾಗಿ ಹೋಗಿತ್ತು. ನಾಳೆ ಅವಳ ಮೈಮೇಲೆ ಯಾರ ಅಂಗಿಯೆಂದು ಹೊಲದ ತುಂಬ ಕಣ್ಣುಗಳು ಓದುತ್ತವೆ.

“ಮಂದಿ ಏನಂದಾರು?”

“ಅನ್ಲಿ ಅಂತನೇ ಕೇಳಾಕತ್ತೇನಿ.”

ಉತ್ತಮ ಅಂಗಿ ಕಳಚಿ, ರಾಜ ಕಿರೀಟ ಒಪ್ಪಿಸುವಂತೆ ಅವಳ ಕೈಗಿತ್ತ. ಆಗಲೇ ಕಲ್ಯಾಣದ ತೋಪು...

“ಏನಂದ್ರಿ? ಹುಲಿಯಂಗ ಎದ್ರಾ?” ಒಳಗೆ ರೊಟ್ಟಿ ಬಡಿಯುತ್ತಿದ್ದ, ಈಗ ತಲೆ ನರೆತ ಸುಮನಬಾಯಿ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಿದ್ದಾಳೆ. “ಖರೇ ಹೇಳ್ರಿ. ಎಬ್ಬಿಸಿದವ್ರು ಯಾರು?”

ಸಿಕ್ಕಿಬಿದ್ದೆ. ಆ ಉತ್ತಮ ನಾನೇ. ಕುಳಿತದ್ದೇ ತಡ, ಮಕಾಡೆ ಬಿದ್ದ ಕೊಡದಂತೆ ಉರುಳಿದೆ. ಕೈ ಹಿಡಿದು ಎಬ್ಬಿಸಿದವಳು ಇವಳೇ. ತೋಪು ಹಾರಲಿಲ್ಲ, ಪ್ಯಾಂಟಿನ ಗುಂಡಿ ಹಾರಿತು; ಹೋಗಿ ಸಾಬರ ಚಹಾದ ಕಪ್ಪಿನಲ್ಲಿ ಬಿತ್ತು. ಬನಿಯನ್ನಿನಲ್ಲೇ ಬಸ್ಸು ಹತ್ತಿ ಊರಿಗೆ ಹೋದೆ.

ಇನ್ನು ಆ ಕುಡಗೋಲಿನ ಮಾತು. ಮರುದಿನ ಜೋಳದ ಸಾಲಿನಲ್ಲಿ ಇವಳು ತೊಟ್ಟ ನನ್ನ ಅಂಗಿಯೇ ನನಗಿಂತ ಬಹಳ ಮುಂದಿತ್ತು.