ಆಹಾರ ಮಂತ್ರಿಯ ಮೇಲೆ ಕೇಸು

"ಕಾಕಾ, ನನಗೊಬ್ರು ಕ್ರಿಮಿನಲ್ ವಕೀಲರು ಬೇಕಾಗ್ಯಾರ್ರಿ" ಎಂದಳು ಗಂಗಾ.

ಸಂಗಪ್ಪ ಕಾಕಾ ಆಗಷ್ಟೇ ಬೈಲಹೊಂಗಲದ ಕೋರ್ಟಿನಿಂದ ಬಸ್ಸಿನಲ್ಲಿ ಬಂದಿದ್ದರು. ಕರಿ ಕೋಟನ್ನು ಗೂಟಕ್ಕೆ ತೂಗುಹಾಕಿ, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಇಡೀ ಊರಿಗೆ ಅವರೊಬ್ಬರೇ ವಕೀಲರು. ಕಪ್ಪನ್ನು ಕೆಳಗಿಟ್ಟು ಗಂಗಾಳನ್ನು ನೋಡಿದರು. ಐದನೆಯ ಕ್ಲಾಸಿನ ಹುಡುಗಿ, ಎರಡು ಜಡೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಕೀಲಿಕೈ.

"ಕೇಸ ಯಾರ ಮ್ಯಾಲ ಆಗೇತಿ?"

"ನನ್ನ ಮ್ಯಾಲ್ರಿ."

"ಏನಂತ?"

"ಸರ್ಕಾರದ ಚಿಕ್ಕಿ ನುಂಗೇನಿ ಅಂತ್ರಿ."

ಕಾಕಾ ನಗಲಿಲ್ಲ. ಕೇಸು ತಂದವರ ಮುಂದೆ ನಗಬಾರದು ಎಂಬುದು ಅವರಿಗೆ ರೂಢಿಯಾಗಿ ಹೋಗಿತ್ತು. "ನುಂಗೀಯೇನು?" ಎಂದು ಕೇಳಿದರು.

"ಇಲ್ರಿ. ಒಂದ ಚೂರೂ ಇಲ್ಲ."

ಗಂಗಾ ಸುಳ್ಳು ಹೇಳುತ್ತಿರಲಿಲ್ಲ. ಅವಳು ಶಾಲಾ ಸಂಸತ್ತಿನ ಆಹಾರ ಮಂತ್ರಿ, ಚುನಾವಣೆಯಲ್ಲಿ ಗೆದ್ದು ಬಂದವಳು. ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಶೇಂಗಾ ಚಿಕ್ಕಿ ಕೊಡುತ್ತಾರೆ. ಚಿಕ್ಕಿಯ ಡಬ್ಬ ಇರುವುದು ಆಫೀಸಿನ ಕಪಾಟಿನಲ್ಲಿ. ಕಪಾಟಿನ ಕೀಲಿಕೈ ಇರುವುದು ಆಹಾರ ಮಂತ್ರಿಯ ಕೊರಳಲ್ಲಿ. ಗಂಗಾ ಅದನ್ನು ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಜಳಕ ಮಾಡುವಾಗ ಮಾತ್ರ ಗೂಟಕ್ಕೆ ಹಾಕಿ, ನಡುನಡುವೆ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದಳು.

ಆದರೆ ಆ ದಿನ ಚಿಕ್ಕಿ ಕಡಿಮೆ ಬಿದ್ದಿತ್ತು. ಒಂದನೆಯ ಕ್ಲಾಸಿನ ಅರ್ಜುನನಿಗೆ ಮೊಟ್ಟೆಯ ವಾಸನೆ ಆಗುವುದಿಲ್ಲ. ಅವನು ಚಿಕ್ಕಿಯ ಸಾಲಿನ ತುದಿಯಲ್ಲಿ ನಿಂತಿದ್ದ. ಅವನ ಪಾಳಿ ಬರುವಷ್ಟರಲ್ಲಿ ಡಬ್ಬ ಖಾಲಿಯಾಗಿತ್ತು. ಅವನು ಅಳಲಿಲ್ಲ. ಚಾಚಿದ ಕೈಯನ್ನು ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತಿದ್ದ.

"ಸೋಮವಾರದ ತನಕ ಸಾಲಬೇಕಾಗಿದ್ದ ಚಿಕ್ಕಿ ಎಲ್ಲಿ ಹೋದೂ?" ಎಂದು ಕೇಳಿದವನು ಆರನೆಯ ಕ್ಲಾಸಿನ ಸಚಿನ. ಅವನು ಆಹಾರ ಮಂತ್ರಿಯ ಚುನಾವಣೆಯಲ್ಲಿ ಗಂಗಾಳ ಎದುರು ಸೋತು, ವಿರೋಧ ಪಕ್ಷದ ನಾಯಕನಾಗಿದ್ದ. "ಚಾವಿ ಯಾರ ಕೊರಳಾಗ ಐತಿ, ಚಿಕ್ಕಿ ಅವರ ಹೊಟ್ಟ್ಯಾಗ ಐತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಹೆಡ್ ಮಾಸ್ತರ್ ಸಿದ್ದರಾಮ ಸರ್ ಶನಿವಾರ ವಿಚಾರಣೆ ಎಂದು ಸಾರಿದರು. ತಪ್ಪು ಎಂದಾದರೆ ಮಂತ್ರಿ ಪದವಿ ಹೋಗುತ್ತದೆ. ಶಾಲೆ ಬಿಡುವ ಹೊತ್ತಿಗೆ ಗಂಗಾಳಿಗೆ 'ಚಿಕ್ಕಿ ಕಳ್ಳಿ' ಎಂದು ಹೆಸರೂ ಬಿದ್ದಿತ್ತು. ಅವಳಿಗೆ ಅಳು ಒತ್ತರಿಸಿ ಬಂತು. ಮಂತ್ರಿಗಳು ಎಲ್ಲರೆದುರು ಅಳಬಾರದೆಂದು ಮನೆಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ವಕೀಲರನ್ನು ಹುಡುಕಿಕೊಂಡು ಬಂದಳು.

ಸಂಗಪ್ಪ ಕಾಕಾ ಎಲ್ಲವನ್ನೂ ಕೇಳಿದರು. "ನೋಡವಾ, ನಾ ಬರೇ ಹೊಲದ ಕೇಸ ನಡಸಾಂವ. ಯಾರ ಹೊಲ ಯಾರು ಒತ್ತ್ಯಾರ ಅಂದ್ರ ಹೇಳತೇನಿ. ಯಾರ ಚಿಕ್ಕಿ ಯಾರು ತಿಂದಾರ ಅನ್ನೂದು ನನಗ ಬಗೀಹರಿಯೂದಿಲ್ಲ."

"ಮತ್ತ ನಾ ಯಾರನ್ನ ಹಿಡೀಲಿ?"

"ಬಾಳ ಮಾತಾಡೂ ವಕೀಲರನ್ನ ಹಿಡೀಬ್ಯಾಡ. ಬಾಳ ಪ್ರಶ್ನೆ ಕೇಳವರನ್ನ ಹಿಡಿ. ಇನ್ನೊಂದು. ವಕೀಲರ ಮುಂದ, ಡಾಕ್ಟರ್ ಮುಂದ ಸುಳ್ಳ ಹೇಳಬಾರದು."

ಪ್ರಶ್ನೆ ಕೇಳುವವರು ಎಂದ ಕೂಡಲೇ ಗಂಗಾಳಿಗೆ ನೆನಪಾದದ್ದು ಏಳನೆಯ ಕ್ಲಾಸಿನ ರಾಣಿ. ಹಿಂದೊಮ್ಮೆ ಶಾಲೆಗೆ ಸೂಜಿ ಹಾಕಲು ನರ್ಸಬಾಯಿ ಬಂದಾಗ, ರಾಣಿ ಪ್ರಶ್ನೆ ಕೇಳುತ್ತ ಕೇಳುತ್ತ ಶಾಲೆ ಬಿಡುವ ಗಂಟೆಯೇ ಹೊಡೆದಿತ್ತು. ಆ ದಿನ ಯಾರಿಗೂ ಸೂಜಿ ಆಗಲಿಲ್ಲ. ಅಂದಿನಿಂದ ರಾಣಿಗೆ ಶಾಲೆಯಲ್ಲಿ ಬಹಳ ಮರ್ಯಾದೆ.

ಶುಕ್ರವಾರ ಬಿಡುವಿನಲ್ಲಿ ರಾಣಿ ನಳದ ಕಟ್ಟೆಯ ಮೇಲೆ ಕುಳಿತು ಕೇಸು ಕೇಳಿದಳು. "ಫೀ ಆಗ್ತೈತಿ. ಒಂದ ವಾರ ನನ್ನ ಬ್ಯಾಗ್ ಹೊರಬೇಕು."

"ಹೊರತೇನಿ ಅಕ್ಕಾ."

"ಕಪಾಟ ಯಾವ್ಯಾವಾಗ ತೆಗೀತಿ?"

"ಊಟದ ಹೊತ್ತಿನ್ಯಾಗ. ಆಮ್ಯಾಲ ತಾಯವ್ವಾಯಿ ತಂಬಿಗಿ ವಾಪಸ್ ಕೊಡಾಕ ಹೋಗೂಮುಂದ."

"ತಂಬಿಗಿ ಕೊಡಾಕ ಕಪಾಟ ಯಾಕ ತೆಗೀಬೇಕು?"

ಇದೆಂಥ ಪ್ರಶ್ನೆ ಎಂದು ಗಂಗಾ ಅವಳ ಮುಖ ನೋಡಿದಳು. "ಖಾಲಿ ತಂಬಿಗಿ ಹೆಂಗ ಕೊಡೂದು?"

ಹೇಳುತ್ತಲೇ ಗಂಗಾ ಕೊರಳಿನ ಕೀಲಿಕೈ ಹಿಡಿದುಕೊಂಡಳು.

ಅಜ್ಜಿ ತಾಯವ್ವನ ಮನೆ ಶಾಲೆಯ ಎದುರಿಗೇ ಇದೆ. ಅವಳು ದಿನಾಲು ಶಾಲೆಗೆ ಒಂದು ತಂಬಿಗೆ ಮಜ್ಜಿಗೆ ಕಳಿಸುತ್ತಾಳೆ. ಆ ತಂಬಿಗೆಯನ್ನು ತೊಳೆದು ವಾಪಸ್ ಕೊಡುವುದು ಗಂಗಾಳ ಕೆಲಸ. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಕಳಿಸಬಾರದು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂದು ಅವ್ವ ಕಲಿಸಿದ್ದಳು. ಶಾಲೆಯಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ಗಂಗಾ ಒಂದು ಚಿಕ್ಕಿ ಹಾಕುತ್ತಿದ್ದಳು.

"ಹಂಗಾರ ನಾನ ತೊಗೊಂಡಂಗ ಆತಲ್ಲ ಅಕ್ಕಾ" ಎಂದಳು ಗಂಗಾ.

"ಸುಮ್ನಿರು. ಆ ಮಜ್ಜಿಗಿ ಯಾರು ಕುಡೀತಾರ?"

"ಹೆಡ್ ಮಾಸ್ತರ್."

ರಾಣಿ ಎದ್ದು ಲಂಗದ ಧೂಳು ಜಾಡಿಸಿಕೊಂಡಳು. "ಕೇಸ ಗೆದ್ದಂಗ. ನಾಳೆ ನೀ ಏನೂ ಮಾತಾಡಬ್ಯಾಡ. ವಕೀಲರಿದ್ದಾಗ ಆರೋಪಿ ಮಾತಾಡಬಾರದು" ಎಂದು ಬ್ಯಾಗನ್ನು ಗಂಗಾಳ ಹೆಗಲಿಗೆ ಹಾಕಿದಳು. ಅದರಲ್ಲಿ ಏಳನೆಯ ಕ್ಲಾಸಿನ ಎಲ್ಲ ಪುಸ್ತಕಗಳೂ ಇದ್ದವು.

ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಪಡಸಾಲೆಯಲ್ಲಿ ವಿಚಾರಣೆ ಶುರುವಾಯಿತು. ಸಿದ್ದರಾಮ ಸರ್ ನ್ಯಾಯಾಧೀಶರಾಗಿ ಖುರ್ಚಿಯಲ್ಲಿ ಕುಳಿತರು. ಗಂಗಾಳನ್ನು ಎದುರಿನ ಬೆಂಚಿನ ಮೇಲೆ ಕೂರಿಸಿದ್ದರು. ಸಚಿನ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ನಡುವೆ ಒಂದು ಕಡೆ ಮರೆತು, ಮತ್ತೆ ಮೊದಲಿನಿಂದ ಹೇಳಿದ.

ಆಮೇಲೆ ರಾಣಿ ಎದ್ದು ನಿಂತಳು. "ಸರ್, ಒಬ್ಬರಿಗೆ ಪ್ರಶ್ನೆ ಕೇಳಬೇಕಾಗೇತ್ರಿ."

"ಕೇಳು. ಯಾರಿಗೆ?"

"ನಿಮಗರಿ."

ಸರ್ ಖುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ನೀವು ದಿನಾ ಊಟ ಆದಮ್ಯಾಲ ಏನ ಕುಡೀತೀರಿ?"

"ಮಜ್ಜಿಗಿ. ತಾಯವ್ವ ಪ್ರೀತಿಲೆ ಕಳಸ್ತಾಳ."

"ತಂಬಿಗಿ ವಾಪಸ್ ಯಾರು ಕೊಡ್ತಾರ್ರಿ?"

"ಗಂಗಾ."

"ಖಾಲಿ ತಂಬಿಗಿ ಕೊಡ್ತಾರೇನ್ರಿ ನಮ್ಮ ಊರಾಗ?"

"ಛೇ, ಖಾಲಿ ಹೆಂಗ ಕೊಡೂದು..." ಎಂದವರು ಅಲ್ಲಿಗೇ ನಿಂತರು. ಕಪಾಟಿನ ಕಡೆ ನೋಡಿದರು. ಗಂಗಾಳ ಕಡೆ ನೋಡಿದರು. ಆಮೇಲೆ ಎದ್ದು ಬಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತರು.

"ಈ ಕೇಸಿನ್ಯಾಗ ನಾನೂ ಆರೋಪಿ ಆದಂಗಾತು" ಎಂದರು. "ನಾ ಆ ಖುರ್ಚಿ ಮ್ಯಾಲ ಕೂಡೂದು ಬರೋಬರಿ ಅಲ್ಲ."

ಖುರ್ಚಿ ಖಾಲಿಯಾಯಿತು. ಸಚಿನ ಒಮ್ಮೆ ಅದರ ಕಡೆ ನೋಡಿ, ಧೈರ್ಯ ಸಾಲದೆ ತನ್ನ ಜಾಗದಲ್ಲೇ ಉಳಿದ. ಕೊನೆಗೆ ಸರ್ ಬೆಂಚಿನಿಂದಲೇ ತೀರ್ಪು ಕೊಟ್ಟರು. "ಗಂಗಾ ಚಿಕ್ಕಿ ತಿಂದಿಲ್ಲ. ಆಕಿ ಕಳ್ಳಿ ಅಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನಿಂದ ಅರ್ಜುನ ಕೇಳಿದ. "ಹಂಗಾರ ನನ್ನ ಚಿಕ್ಕಿ?"

ಎಲ್ಲರೂ ರಾಣಿಯ ಕಡೆ ನೋಡಿದರು.

ಗಂಗಾ ಎದ್ದು ನಿಂತಳು. ಸುಮ್ಮನಿರು ಎಂದು ರಾಣಿ ಕಣ್ಣು ಬಿಟ್ಟಳು. "ತಿಂದಿಲ್ಲ ಅನ್ನೂದು ಖರೇ ಸರ್" ಎಂದಳು ಗಂಗಾ. "ಆದ್ರ ತೊಗೊಂಡ ಕೊಟ್ಟಾಕಿ ನಾನ." ಕೊರಳಿನ ಕೀಲಿಕೈ ತೆಗೆದು ಖಾಲಿ ಖುರ್ಚಿಯ ಮೇಲೆ ಇಟ್ಟಳು. ಕೊರಳು ಹಗುರಾಯಿತು. ಆ ಹಗುರ ಅವಳಿಗೆ ಸ್ವಲ್ಪವೂ ಸೇರಲಿಲ್ಲ.

ಅವತ್ತೂ ಮಜ್ಜಿಗೆ ಬಂತು. ಬಂದ ಮಜ್ಜಿಗೆಯನ್ನು ಚೆಲ್ಲಬಾರದೆಂದು ಸರ್ ಕುಡಿದರು. ಗಂಗಾ ತಂಬಿಗೆ ತೊಳೆದು, ಮೊದಲನೆಯ ಸಲ ಖಾಲಿಯಾಗಿಯೇ ತೆಗೆದುಕೊಂಡು ಹೋದಳು. ರಸ್ತೆ ದಾಟುವಾಗ ಯಾರಾದರೂ ನೋಡಿಯಾರೆಂದು ಅದರ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ತಾಯವ್ವ ತಂಬಿಗೆಯ ಒಳಗೆ ನೋಡಿದಳು. "ಇವತ್ತ ಏನೂ ಇಲ್ಲೇನ?"

"ಇಲ್ಲ ಆಯಿ. ಅವು ನನ್ನ ಚಿಕ್ಕಿ ಅಲ್ಲ. ಸಣ್ಣ ಹುಡುಗುರ್ವು."

ತಾಯವ್ವ ಒಳಗೆ ಹೋಗಿ ಒಂದು ಡಬ್ಬಿ ತಂದಳು. ಮುಚ್ಚಳ ತೆಗೆದರೆ ಎಲ್ಲ ಚಿಕ್ಕಿಗಳೂ ಅದರಲ್ಲಿದ್ದವು. ಒಂದರ ಕವರನ್ನೂ ಬಿಚ್ಚಿರಲಿಲ್ಲ.

"ನೀವು ತಿನ್ನಲಿಲ್ಲೇನು?"

ತಾಯವ್ವ ಬಾಯಿ ತೆರೆದು ತೋರಿಸಿದಳು. ಅಲ್ಲಿ ಒಂದೂ ಹಲ್ಲಿರಲಿಲ್ಲ. "ಪ್ರೀತಿಲೆ ಕೊಟ್ಟದ್ದು ಬ್ಯಾಡ ಅನಬಾರದು ಅಂತ ಇಟ್ಟಿದ್ದೆ. ಒಯ್ದ ಕೊಡು, ಸಣ್ಣವು ತಿನ್ನಲಿ."

ಆ ಮಧ್ಯಾಹ್ನವೇ ಅರ್ಜುನನಿಗೆ ಚಿಕ್ಕಿ ಸಿಕ್ಕಿತು. ಉಳಿದವುಗಳನ್ನು ಗಂಗಾ ಸರ್ ಕೈಯಲ್ಲಿ ಕೊಟ್ಟಳು. ಕೊನೆಗೆ ತಾಯವ್ವನ ಡಬ್ಬಿ ಖಾಲಿಯಾಯಿತು. ಈಗ ಅದನ್ನೂ ವಾಪಸ್ ಕೊಡಬೇಕಾಗಿತ್ತು.

"ಒಂದ ಹಿಡಿ ಸಕ್ರಿ ಹಾಕಿ ಕೊಡು" ಎಂದಳು ಮನೆಯಲ್ಲಿ ಅವ್ವ.

"ಬ್ಯಾಡವಾ. ಅದು ನಿಂದು" ಎಂದಳು ಗಂಗಾ.

ಸೋಮವಾರ ಹೊಸ ಚಿಕ್ಕಿ ಬಂತು. ಕೀಲಿಕೈ ಈಗ ಸಚಿನನ ಕೊರಳಲ್ಲಿತ್ತು. ಮಲಗುವಾಗಲೂ ಅವನು ಅದನ್ನು ತೆಗೆಯುವುದಿಲ್ಲವಂತೆ. ಗಂಗಾ ಸಾಲಿನಲ್ಲಿ ಅರ್ಜುನನ ಹಿಂದೆ ನಿಂತು ತನ್ನ ಪಾಲಿನ ಚಿಕ್ಕಿ ತೆಗೆದುಕೊಂಡಳು. ಅದನ್ನು ಜೇಬಿಗೆ ಹಾಕಿಕೊಂಡು, ಶಾಲೆ ಬಿಟ್ಟ ಮೇಲೆ ರಾಣಿಯ ಬ್ಯಾಗನ್ನು ಹೊತ್ತು ಅವಳ ಮನೆಗೆ ಮುಟ್ಟಿಸಿ ತನ್ನ ಮನೆಗೆ ಬಂದಳು. ದಾರಿಯುದ್ದಕ್ಕೂ ತಿನ್ನಬೇಕೆಂದು ಬಹಳ ಆಸೆಯಾಗಿತ್ತು. ತಿನ್ನಲಿಲ್ಲ.

ಮನೆಯಲ್ಲಿ ಒರಳಿನ ಮುಂದೆ ಕುಳಿತು ಚಿಕ್ಕಿಯ ಕವರು ಬಿಚ್ಚಿದಳು. ಹಲ್ಲಿಲ್ಲದವರ ಬಾಯಲ್ಲೂ ಕರಗುವಷ್ಟು ಸಣ್ಣಗೆ ಅದನ್ನು ಕುಟ್ಟಿ ಪುಡಿ ಮಾಡಿದಳು. ಬೆರಳಿಗೆ ಅಂಟಿದ್ದನ್ನೂ ಡಬ್ಬಿಗೇ ಜಾಡಿಸಿ, ಮುಚ್ಚಳ ಹಾಕಿ, ತಾಯವ್ವನ ಮನೆಯ ಕಡೆಗೆ ಹೊರಟಳು. ಈ ಸಲ ಅವಳು ಡಬ್ಬಿಗೆ ಕೈ ಅಡ್ಡ ಹಿಡಿಯಲಿಲ್ಲ.